ಸ್ವಾರ್ಮ್ ಉಪಗ್ರಹದ ದತ್ತಾಂಶದಲ್ಲಿ ಈಕ್ವಟೋರಿಯಲ್ ಎಲೆಕ್ಟ್ರೋಜೆಟ್ ಗುರುತಿಸುವುದು ಹೇಗೆ?

ಭಾರತದ ದಕ್ಷಿಣ ತುದಿಯ ಮೇಲೆ, ನೆಲದಿಂದ ಸುಮಾರು 108 ಕಿಲೋಮೀಟರ್ ಎತ್ತರದಲ್ಲಿ, ಹಗಲು ಹೊತ್ತು ಪಶ್ಚಿಮದಿಂದ ಪೂರ್ವಕ್ಕೆ ಒಂದು ವಿದ್ಯುತ್ ಪ್ರವಾಹ ಹರಿಯುತ್ತದೆ. ಕಾಂತೀಯ ಸಮಭಾಜಕದ (ಭೂಮಿಯ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿರುವ ಗೆರೆ) ಎರಡೂ ಬದಿಗೆ ಸುಮಾರು 3 ಡಿಗ್ರಿ ಅಗಲದ ಕಿರಿದಾದ ಪಟ್ಟಿ ಅದು. ಸೂರ್ಯ ಏರಿದಂತೆ ಬಲಗೊಂಡು, ನಡುಹಗಲಿನ ಆಸುಪಾಸು ಉತ್ತುಂಗ ಮುಟ್ಟಿ, ಸಂಜೆಗೆ ಅಡಗುತ್ತದೆ. ಇದೇ ಈಕ್ವಟೋರಿಯಲ್ ಎಲೆಕ್ಟ್ರೋಜೆಟ್. 1963ರಲ್ಲಿ ಕೇರಳದ ತುಂಬಾ ಎಂಬ ಮೀನುಗಾರರ ಊರು ರಾಕೆಟ್ ನೆಲೆಯಾದದ್ದು ಕಾಂತೀಯ ಸಮಭಾಜಕ ಅಲ್ಲಿಗೆ ಹತ್ತಿರವಿತ್ತು ಎಂಬ ಕಾರಣಕ್ಕೆ.

ಈ ಪ್ರವಾಹವನ್ನು ನೋಡಲು ಈಗ ರಾಕೆಟ್ ಬೇಕಿಲ್ಲ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ 2013ರ ನವೆಂಬರ್ 22ರಂದು ಹಾರಿಸಿದ ಸ್ವಾರ್ಮ್ ಎಂಬ ಮೂರು ಉಪಗ್ರಹಗಳ ದತ್ತಾಂಶ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಒಂದು ಸಾಧಾರಣ ಲ್ಯಾಪ್‌ಟಾಪ್, ಪೈಥಾನ್‌ನ ಅಲ್ಪಸ್ವಲ್ಪ ಪರಿಚಯ, ಎರಡು ಮೂರು ದಿನದ ತಾಳ್ಮೆ ಇದ್ದರೆ ಸಾಕು. ಭೌತಶಾಸ್ತ್ರ ಅಥವಾ ಭೂವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಸಿಗುವುದು ಕಷ್ಟ.

ಮೊದಲೇ ಒಂದು ಮಾತು ಮನಸ್ಸಿನಲ್ಲಿರಲಿ. ಉಪಗ್ರಹ ಅಳೆಯುವುದು ಮೊತ್ತವನ್ನು. ಕೇಂದ್ರಗೋಳದ ದ್ರವ ಕಬ್ಬಿಣದಿಂದ ಬರುವ ಕ್ಷೇತ್ರ, ಶಿಲಾಗೋಳದ ಬಂಡೆಗಳ ಕ್ಷೇತ್ರ, ಅಯಾನುಗೋಳದ (ಮೇಲಿನ ವಾಯುಮಂಡಲದ ವಿದ್ಯುದಾವಿಷ್ಟ ಪದರ) ಪ್ರವಾಹಗಳ ಕ್ಷೇತ್ರ, ಅದಕ್ಕೂ ಆಚೆ ಕಾಂತಗೋಳದ ಕ್ಷೇತ್ರ ಎಲ್ಲವೂ ಒಂದೇ ಸಂಖ್ಯೆಯೊಳಗೆ ಬೆರೆತಿರುತ್ತವೆ. ನಮ್ಮ ಕೆಲಸವೆಲ್ಲ ಕಳೆಯುವುದು. ಏನನ್ನು ಕಳೆಯಬೇಕು, ಏನನ್ನು ಕಳೆಯಬಾರದು ಎಂಬುದರಲ್ಲೇ ಫಲಿತಾಂಶದ ಅಳಿವು ಉಳಿವು ಇದೆ.

ಎಷ್ಟು ದೊಡ್ಡದರಲ್ಲಿ ಎಷ್ಟು ಚಿಕ್ಕದು?

ಬೆಂಗಳೂರಿನ ನೆಲದ ಮೇಲೆ ಭೂಮಿಯ ಕಾಂತಕ್ಷೇತ್ರ 40 ಸಾವಿರ ನ್ಯಾನೊಟೆಸ್ಲಾದ ಆಸುಪಾಸು ಇರುತ್ತದೆ. 450 ಕಿಲೋಮೀಟರ್ ಎತ್ತರಕ್ಕೆ ಹೋದರೆ ಅದು ಎಷ್ಟಾಗಬೇಕು? ದ್ವಿಧ್ರುವದ ಕ್ಷೇತ್ರ ದೂರದ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. 6371ನ್ನು 6821ರಿಂದ ಭಾಗಿಸಿ, ಘನ ಮಾಡಿದರೆ 0.815 ಬರುತ್ತದೆ. ಅಂದರೆ 32-33 ಸಾವಿರ. ದತ್ತಾಂಶ ಇಳಿಸಿಕೊಂಡ ಕೂಡಲೇ ದಕ್ಷಿಣ ಭಾರತದ ಮೇಲಿನ ಒಂದು ಸಾಲು ತೆಗೆದು ಈ ಲೆಕ್ಕದೊಡನೆ ಹೋಲಿಸಿ. ಸಂಖ್ಯೆ 330 ಎಂದೋ 3,30,000 ಎಂದೋ ಬಂದರೆ ಮುಂದೆ ಹೋಗುವ ಮೊದಲೇ ಏಕಮಾನ ಸರಿಪಡಿಸಿಕೊಳ್ಳಬಹುದು.

ನಾವು ಹುಡುಕುತ್ತಿರುವ ಎಲೆಕ್ಟ್ರೋಜೆಟ್ಟಿನ ಗುರುತು ಉಪಗ್ರಹದ ಎತ್ತರದಲ್ಲಿ ಸಾಮಾನ್ಯವಾಗಿ 10ರಿಂದ 30 ನ್ಯಾನೊಟೆಸ್ಲಾ. ಮೂರು ಸಾವಿರದಲ್ಲಿ ಒಂದು ಪಾಲು, ಹೆಚ್ಚೆಂದರೆ ಸಾವಿರದಲ್ಲಿ ಒಂದು ಪಾಲು. ಆದ್ದರಿಂದಲೇ ಸಣ್ಣ ತಪ್ಪುಗಳು ಇಲ್ಲಿ ಸಣ್ಣವಲ್ಲ.

ದಿಕ್ಕನ್ನೂ ಈಗಲೇ ತಿಳಿದಿರಿ. ಪ್ರವಾಹ ಪೂರ್ವಕ್ಕೆ ಹರಿದಾಗ ಅದರ ಕೆಳಗಡೆ ಕಾಂತಕ್ಷೇತ್ರ ಉತ್ತರಕ್ಕೆ, ಮೇಲ್ಗಡೆ ದಕ್ಷಿಣಕ್ಕೆ ಇರುತ್ತದೆ. ಬಲಗೈ ಹೆಬ್ಬೆರಳನ್ನು ಪೂರ್ವಕ್ಕೆ ತೋರಿಸಿ ಬೆರಳು ಮಡಚಿದರೆ ಗೊತ್ತಾಗುತ್ತದೆ. ಕಾಂತೀಯ ಸಮಭಾಜಕದಲ್ಲಿ ಭೂಮಿಯ ಮೂಲಕ್ಷೇತ್ರ ಹೆಚ್ಚುಕಡಿಮೆ ಮಟ್ಟಸವಾಗಿ ಉತ್ತರಕ್ಕೇ ಇದೆ. ಹೀಗಾಗಿ ತಿರುನೆಲ್ವೇಲಿಯ ವೀಕ್ಷಣಾಲಯದ ಉಪಕರಣದಲ್ಲಿ ನಡುಹಗಲು ಏರಿಕೆ ಕಂಡರೆ, ಅದೇ ಹೊತ್ತಿಗೆ ಮೇಲೆ ಹಾದುಹೋಗುವ ಉಪಗ್ರಹಕ್ಕೆ ಇಳಿಕೆ ಕಾಣುತ್ತದೆ. ನಾವು ಹುಡುಕುವುದು ಒಂದು ತಗ್ಗನ್ನು.

ಯಾವ ಉಪಗ್ರಹ, ಯಾವ ಅಳತೆ?

ಸ್ವಾರ್ಮ್‌ನ ಎ ಮತ್ತು ಸಿ ಜೊತೆಜೊತೆಯಾಗಿ ಕೆಳಗಿನ ಕಕ್ಷೆಯಲ್ಲಿ, ಬಿ ಅವುಗಳಿಗಿಂತ ಮೇಲೆ ಹಾರುತ್ತವೆ. ಮೂರೂ ಧ್ರುವಗಳ ಬಳಿ ಹಾದು ಸುಮಾರು 94 ನಿಮಿಷಕ್ಕೊಂದು ಸುತ್ತು ಬರುತ್ತವೆ. ಪ್ರತಿಯೊಂದಕ್ಕೂ ಹಿಂಭಾಗದಲ್ಲಿ 4 ಮೀಟರ್ ಉದ್ದದ ತೋಳಿದೆ. ಉಪಗ್ರಹದ ಸ್ವಂತ ತಂತಿ, ಬ್ಯಾಟರಿಗಳ ಕಾಂತೀಯ ಗದ್ದಲದಿಂದ ದೂರವಿರಲೆಂದು ಅಳತೆಯ ಉಪಕರಣಗಳನ್ನು ಅದರ ಮೇಲೆ ಕೂರಿಸಿದ್ದಾರೆ. ತೋಳಿನ ತುದಿಯಲ್ಲಿ ಹೀಲಿಯಂ ಬಳಸುವ, ಕ್ಷೇತ್ರದ ಪರಿಮಾಣವನ್ನಷ್ಟೇ ಬಹು ನಿಖರವಾಗಿ ಹೇಳುವ ಕಾಂತಮಾಪಕ. ತೋಳಿನ ನಡುವೆ ಮೂರು ದಿಕ್ಕಿನ ಘಟಕಗಳನ್ನು ಹೇಳುವ ಫ್ಲಕ್ಸ್‌ಗೇಟ್ ಕಾಂತಮಾಪಕ. ಅದರ ಪಕ್ಕದಲ್ಲೇ, ಉಪಗ್ರಹ ಯಾವ ಕಡೆ ಮುಖ ಮಾಡಿದೆ ಎಂದು ನಕ್ಷತ್ರ ನೋಡಿ ಹೇಳುವ ಕ್ಯಾಮೆರಾಗಳು.

ಎಲೆಕ್ಟ್ರೋಜೆಟ್ ಕೆಲಸಕ್ಕೆ ಪರಿಮಾಣವನ್ನೇ ಬಳಸಿ. ದಿಕ್ಕಿನ ಘಟಕಗಳಿಗೆ ನಕ್ಷತ್ರ ಕ್ಯಾಮೆರಾದ ದೋಷ ತಗಲುತ್ತದೆ: 50 ಸಾವಿರ ನ್ಯಾನೊಟೆಸ್ಲಾ ಕ್ಷೇತ್ರದಲ್ಲಿ ಕೋನ 10 ಆರ್ಕ್‌ಸೆಕೆಂಡಿನಷ್ಟು ತಪ್ಪಿದರೂ ಅಡ್ಡ ಘಟಕದಲ್ಲಿ 2.4 ನ್ಯಾನೊಟೆಸ್ಲಾ ವ್ಯತ್ಯಾಸ ಬರುತ್ತದೆ. ಉಪಗ್ರಹ ಎತ್ತ ತಿರುಗಿದ್ದರೂ ಪರಿಮಾಣ ಬದಲಾಗುವುದಿಲ್ಲ. ಮೇಲಾಗಿ ಮೂಲಕ್ಷೇತ್ರವೂ ಎಲೆಕ್ಟ್ರೋಜೆಟ್ಟಿನ ಕ್ಷೇತ್ರವೂ ಉತ್ತರ-ದಕ್ಷಿಣ ಗೆರೆಯಲ್ಲೇ ಇರುವುದರಿಂದ ನಮಗೆ ಬೇಕಾದ ಬದಲಾವಣೆ ಬಹುಪಾಲು ಪರಿಮಾಣದಲ್ಲೇ ಕಾಣಿಸುತ್ತದೆ.

ಉಪಗ್ರಹ ಎ ಆರಿಸಿಕೊಳ್ಳಿ. ಸಿ ಉಪಗ್ರಹದ ಪರಿಮಾಣಮಾಪಕ 2014ರ ನವೆಂಬರಿನಲ್ಲಿ ಕೆಟ್ಟುಹೋಯಿತು. ಅಂದಿನಿಂದ ಅದರ ಫ್ಲಕ್ಸ್‌ಗೇಟನ್ನು ಎ ಉಪಗ್ರಹದ ಅಳತೆಯ ನೆರವಿನಿಂದ ಸರಿದೂಗಿಸುತ್ತಾರೆ. ಸಿ ದತ್ತಾಂಶ ಬಳಸುವಾಗ ಮೂರು ಘಟಕಗಳ ವರ್ಗ ಕೂಡಿಸಿ, ವರ್ಗಮೂಲ ತೆಗೆದು ಪರಿಮಾಣವನ್ನು ನೀವೇ ಲೆಕ್ಕ ಹಾಕಿ.

ಖಾತೆ ತೆರೆದು ಕೇಳುವುದು

ಬೇಕಾದ ತಾಣದ ಹೆಸರು ವೈರೆಸ್ ಫಾರ್ ಸ್ವಾರ್ಮ್. ಅಲ್ಲಿ ಉಚಿತ ಖಾತೆ ತೆರೆದು ಒಂದು ಟೋಕನ್ ಪಡೆಯಿರಿ. ಪೈಥಾನ್‌ನಲ್ಲಿ ವೈರೆಸ್‌ಕ್ಲಯೆಂಟ್ ಎಂಬ ಪ್ಯಾಕೇಜ್ ಹಾಕಿಕೊಂಡು ಆ ಟೋಕನ್ ಒಮ್ಮೆ ಕೊಟ್ಟರೆ ಸಾಕು, ಮುಂದಿನ ಕೋರಿಕೆಗಳು ನೇರ ಹೋಗುತ್ತವೆ. ಟೋಕನ್ನನ್ನು ನೋಟ್‌ಬುಕ್ಕಿನೊಳಗೆ ಬರೆದಿಟ್ಟು ಆ ನೋಟ್‌ಬುಕ್ಕನ್ನು ಇತರರಿಗೆ ಕಳಿಸಬೇಡಿ. ಅದು ಪಾಸ್‌ವರ್ಡಿಗೆ ಸಮ.

ಮ್ಯಾಗ್-ಎ ಎಲ್‌ಆರ್ 1ಬಿ ಎಂಬ ಸಂಗ್ರಹ ನಮ್ಮದು. ಎಲ್‌ಆರ್ ಎಂದರೆ ಸೆಕೆಂಡಿಗೊಂದು ಅಳತೆ, ದಿನಕ್ಕೆ 86,400 ಸಾಲು. ಉಪಗ್ರಹ ಸೆಕೆಂಡಿಗೆ ಸುಮಾರು 7.6 ಕಿಲೋಮೀಟರ್ ಓಡುವುದರಿಂದ ನೂರಾರು ಕಿಲೋಮೀಟರ್ ಅಗಲದ ಎಲೆಕ್ಟ್ರೋಜೆಟ್ಟಿಗೆ ಇದು ಧಾರಾಳ. ಸೆಕೆಂಡಿಗೆ 50 ಅಳತೆಯ ಎಚ್‌ಆರ್ ಸಂಗ್ರಹವೂ ಇದೆ, ಈ ಕೆಲಸಕ್ಕೆ ಅದು ಬರೀ ಹೊರೆ.

ನಡುಹಗಲಿನ ಹಾದಿ ಹುಡುಕುವುದು

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಯಾವುದೋ ಒಂದು ದಿನಾಂಕ ಆರಿಸಿ ದತ್ತಾಂಶ ಇಳಿಸಿಕೊಂಡರೆ ಆ ದಿನ ಉಪಗ್ರಹ ಭಾರತದ ಮೇಲೆ ಬೆಳಗಿನ 7ಕ್ಕೂ ಸಂಜೆ 7ಕ್ಕೂ ಹಾದಿರಬಹುದು. ಆಗ ತಗ್ಗು ಇರುವುದೇ ಇಲ್ಲ. ಸ್ವಾರ್ಮ್‌ನ ಕಕ್ಷೆ ಸೂರ್ಯನಿಗೆ ಹೋಲಿಸಿದರೆ ನಿಧಾನವಾಗಿ ತಿರುಗುತ್ತದೆ: ಸಮಭಾಜಕ ದಾಟುವ ಸ್ಥಳೀಯ ಹೊತ್ತು ದಿನಕ್ಕೆ ಸುಮಾರು 5.4 ನಿಮಿಷ ಹಿಂದೆ ಸರಿಯುತ್ತದೆ. ಮೇಲೇರುವ ಹಾದಿ, ಇಳಿಯುವ ಹಾದಿ ಎರಡನ್ನೂ ಸೇರಿಸಿದರೆ ಎ ಉಪಗ್ರಹಕ್ಕೆ 24 ಗಂಟೆಗಳನ್ನೂ ಮುಟ್ಟಲು ಸುಮಾರು 133 ದಿನ ಬೇಕು, ಬಿ ಉಪಗ್ರಹಕ್ಕೆ ಸುಮಾರು 141. ಅಂದರೆ 10ರಿಂದ 14 ಗಂಟೆಯ ನಡುವಿನ ಹಾದಿಗಳು ಎ ಉಪಗ್ರಹದಲ್ಲಿ ಸುಮಾರು 44 ದಿನಗಳ ಒಂದು ಗೊಂಚಲಾಗಿ ಸಿಗುತ್ತವೆ. ಆಮೇಲೆ ಮುಂದಿನ ಗೊಂಚಲಿಗೆ ಮೂರು ತಿಂಗಳು ಕಾಯಬೇಕು.

ಆದ್ದರಿಂದ ಮೊದಲು ಹಗುರವಾದ ಒಂದು ಕೋರಿಕೆ ಕಳಿಸಿ. ಐದು ತಿಂಗಳ ಅವಧಿ, 60 ಸೆಕೆಂಡಿಗೊಂದು ಸಾಲು, ಅಕ್ಷಾಂಶ ಮೈನಸ್ 5ರಿಂದ ಪ್ಲಸ್ 5, ಬೇಕಾದದ್ದು ಸಮಯ ಮತ್ತು ರೇಖಾಂಶ ಮಾತ್ರ. ಸ್ಥಳೀಯ ಹೊತ್ತು ಪಡೆಯಲು ಯುಟಿಸಿಗೆ (ದತ್ತಾಂಶದಲ್ಲಿರುವ ಜಾಗತಿಕ ಸಮಯ) ರೇಖಾಂಶವನ್ನು 15ರಿಂದ ಭಾಗಿಸಿ ಬಂದದ್ದನ್ನು ಕೂಡಿಸಿ. 77.5 ಡಿಗ್ರಿಗೆ 5.17 ಗಂಟೆ, ಹಾಗಾಗಿ ಅಲ್ಲಿ ನಡುಹಗಲು ಎಂದರೆ ಯುಟಿಸಿ 6 ಗಂಟೆ 50 ನಿಮಿಷ. ಇಲ್ಲಿ ಗಡಿಯಾರದ ಭಾರತೀಯ ಸಮಯ ಬಳಸಬೇಡಿ. ಅದು 82.5 ಡಿಗ್ರಿ ರೇಖಾಂಶದ್ದು, ನಮ್ಮ ಕಡೆ 20 ನಿಮಿಷ ತಪ್ಪುತ್ತದೆ.

ಪ್ರತಿ ಸುತ್ತಿಗೆ ಭೂಮಿ ಸುಮಾರು 23.5 ಡಿಗ್ರಿ ತಿರುಗಿರುತ್ತದೆ. ರೇಖಾಂಶ 65ರಿಂದ 90ರ ಪಟ್ಟಿ ಹಿಡಿದರೆ ದಿನಕ್ಕೆ ಹೆಚ್ಚುಕಡಿಮೆ ಒಂದು ಹಗಲಿನ ಹಾದಿ ಸಿಗುತ್ತದೆ. ಗೊಂಚಲಿನಲ್ಲಿ 40ಕ್ಕೂ ಹೆಚ್ಚು ಹಾದಿ ಸಿಕ್ಕಂತಾಯಿತು.

ನಿಜವಾದ ಕೋರಿಕೆ

ಈಗ ಪ್ರತಿ ಹಾದಿಗೂ ಅಕ್ಷಾಂಶ ಮೈನಸ್ 40ರಿಂದ ಪ್ಲಸ್ 50ರ ತನಕ ಸೆಕೆಂಡಿಗೊಂದು ಅಳತೆ ಕೇಳಿ. ಪರಿಮಾಣ, ಮೂರು ಘಟಕ, ಗುಣಮಟ್ಟದ ಫ್ಲ್ಯಾಗ್‌ಗಳು, ಭೂಕೇಂದ್ರದಿಂದ ದೂರ ಇವು ಮುಖ್ಯ. ಇವುಗಳ ಜೊತೆಗೆ ಕ್ವಾಸಿ-ಡೈಪೋಲ್ ಅಕ್ಷಾಂಶ, ಕೆಪಿ ಸೂಚ್ಯಂಕ, ಡಿಎಸ್‌ಟಿ ಸೂಚ್ಯಂಕ ಸೇರಿಸಿ. ಕೊನೆಯ ಎರಡೂ ಭೂಮಿಯ ಕಾಂತಕ್ಷೇತ್ರ ಎಷ್ಟು ಕದಡಿದೆ ಎಂದು ಹೇಳುವ ಅಳತೆಗಳು. ಕ್ವಾಸಿ-ಡೈಪೋಲ್ ಅಕ್ಷಾಂಶ ಎಂದರೆ ಭೂಗೋಳದ ಸಮಭಾಜಕದ ಬದಲು ಕಾಂತೀಯ ಸಮಭಾಜಕದಿಂದ ಎಣಿಸುವ ಅಕ್ಷಾಂಶ. ಎಲೆಕ್ಟ್ರೋಜೆಟ್ ಇರುವುದು ಅದರ ಸೊನ್ನೆಯಲ್ಲಿ.

ಕಳೆಯಲು ಬೇಕಾದ ಕಾಂತಕ್ಷೇತ್ರದ ಮಾದರಿಯಾಗಿ ಕೇಯಾಸ್ ಕೇಳಿ. ಇದರಲ್ಲಿ ಕೇಂದ್ರಗೋಳ, ಶಿಲಾಗೋಳ, ಕಾಂತಗೋಳ ಮೂರೂ ಇವೆ. ಮಾದರಿಯ ಬೆಲೆಯನ್ನು ಪ್ರತಿ ಅಳತೆಯ ಜಾಗಕ್ಕೂ ಹೊತ್ತಿಗೂ ಸರ್ವರೇ ಲೆಕ್ಕ ಹಾಕಿ ಕೊಡುತ್ತದೆ. ಪಟ್ಟಿಯಲ್ಲಿ ಅಯಾನುಗೋಳದ ಮಾದರಿಗಳೂ ಕಾಣುತ್ತವೆ. ಅವನ್ನು ಕಳೆಯಬೇಡಿ! ಎಲೆಕ್ಟ್ರೋಜೆಟ್ ಅಯಾನುಗೋಳದ್ದೇ ಪ್ರವಾಹ. ಆ ಮಾದರಿ ಕಳೆದರೆ ಹುಡುಕುತ್ತಿರುವುದನ್ನೇ ಅಳಿಸಿದಂತೆ. ಎಲ್ಲ ಮಾದರಿಗೂ ಟಿಕ್ ಹಾಕಿ, ಚಪ್ಪಟೆ ಗೆರೆ ನೋಡಿ, ಉಪಗ್ರಹಕ್ಕೆ ಏನೂ ಕಾಣುವುದಿಲ್ಲ ಎಂದು ತೀರ್ಮಾನಿಸುವುದು ಬಹಳ ಸುಲಭ.

ಕೇಯಾಸ್ ಬದಲು ಐಜಿಆರ್‌ಎಫ್ ಎಂಬ ಇನ್ನೊಂದು ಮಾದರಿ ಹಾಕಬಹುದೇ? ಹಾಕಬಹುದು, ಆದರೆ ಅದು 13ನೇ ಡಿಗ್ರಿವರೆಗಿನ, ಅಂದರೆ ದೊಡ್ಡ ಗಾತ್ರದ ವಿವರಗಳಷ್ಟೇ ಇರುವ, ಮೂಲಕ್ಷೇತ್ರ ಮಾತ್ರ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ. ಶಿಲಾಗೋಳವೂ ಕಾಂತಗೋಳವೂ ಉಳಿಕೆಯಲ್ಲೇ (ಅಳತೆಯಿಂದ ಮಾದರಿ ಕಳೆದಾಗ ಮಿಕ್ಕಿದ್ದರಲ್ಲಿ) ಉಳಿದುಬಿಡುತ್ತವೆ.

ಮಾದರಿಯನ್ನು ನಿಮ್ಮ ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವವರಿದ್ದರೆ ಒಂದು ಎಚ್ಚರಿಕೆ. ಸ್ವಾರ್ಮ್ ಕಡತದಲ್ಲಿರುವುದು ಭೂಕೇಂದ್ರಿತ ಅಕ್ಷಾಂಶ; ನಕ್ಷೆಗಳಲ್ಲಿರುವ ಅಕ್ಷಾಂಶವಲ್ಲ. ಎರಡರ ನಡುವೆ 45 ಡಿಗ್ರಿಯಲ್ಲಿ 0.19 ಡಿಗ್ರಿ, ಬೆಂಗಳೂರಿನ ಅಕ್ಷಾಂಶದಲ್ಲಿ ಸುಮಾರು 0.08 ಡಿಗ್ರಿ ವ್ಯತ್ಯಾಸ. ಇಷ್ಟು ಕೋನ ತಪ್ಪಿದರೆ ಘಟಕಗಳಲ್ಲಿ 40-50 ನ್ಯಾನೊಟೆಸ್ಲಾ ತಪ್ಪು ನುಸುಳುತ್ತದೆ, ಅಂದರೆ ಎಲೆಕ್ಟ್ರೋಜೆಟ್ಟಿಗಿಂತ ದೊಡ್ಡದು. ದೂರವೂ ಮೀಟರಿನಲ್ಲಿದೆ, ಕಿಲೋಮೀಟರಿನಲ್ಲಲ್ಲ.

ಜರಡಿ

ಫ್ಲ್ಯಾಗ್ 255 ಇರುವ ಸಾಲುಗಳನ್ನು ಬಿಟ್ಟುಬಿಡಿ. ಪರಿಮಾಣ ಸೊನ್ನೆ ಇರುವ ಸಾಲು ಕಂಡರೂ ಅದೇ ಗತಿ.

ಆಮೇಲೆ ಪ್ರಶಾಂತ ದಿನಗಳನ್ನು ಆರಿಸಿ. ಕೆಪಿ 2 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ಹಾದಿಗಳು ತೀರಾ ಕಡಿಮೆಯಾದರೆ 3ರವರೆಗೆ ಹೋಗಬಹುದು. ಡಿಎಸ್‌ಟಿ ಗಂಟೆಗೆ 2 ನ್ಯಾನೊಟೆಸ್ಲಾಕ್ಕಿಂತ ಹೆಚ್ಚು ಓಡಾಡುತ್ತಿದ್ದರೆ ಆ ಹಾದಿಯನ್ನು ಅನುಮಾನದಿಂದಲೇ ನೋಡಿ. 2024ರ ಮೇ 10-11ರ ಕಾಂತೀಯ ಬಿರುಗಾಳಿಯಲ್ಲಿ ಡಿಎಸ್‌ಟಿ ಮೈನಸ್ 400 ದಾಟಿತು. ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದು ಅದೇ ರಾತ್ರಿ. ಅಂಥ ದಿನದ ಒಂದು ಹಾದಿಯನ್ನು ಕಲಿಕೆಗೆಂದು ಒಮ್ಮೆ ನೋಡಲೇಬೇಕು, ಆದರೆ ಸರಾಸರಿಯೊಳಗೆ ಬಿಡಬಾರದು. ಬಿರುಗಾಳಿಗೆ ಬಾಗಿಲು ತೆಗೆಯುವುದು ಸೌರಮಾರುತದಲ್ಲಿ ಬರುವ ದಕ್ಷಿಣಮುಖಿ ಕಾಂತಕ್ಷೇತ್ರ. ಅದನ್ನು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲೇ ಅಳೆಯುವ ಉಪಕರಣಗಳಲ್ಲಿ ಆದಿತ್ಯ-ಎಲ್1ರ ಕಾಂತಮಾಪಕವೂ ಒಂದು. ಅದು ತಯಾರಾದದ್ದು ನಮ್ಮ ಬೆಂಗಳೂರಿನಲ್ಲಿ, ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯದಲ್ಲಿ. ಅದರ ಸಂವೇದಕಗಳೂ 6 ಮೀಟರ್ ತೋಳಿನ ಮೇಲೆಯೇ ಕೂತಿವೆ.

ಕೆಪಿ ಜರಡಿಯನ್ನು ಸರ್ವರಿಗೇ ಬಿಡಬಹುದು, ಆದರೆ ಹಾಗೆ ಮಾಡಿದರೆ ಹಾದಿ ನಡುವೆ ತುಂಡಾಗಿ ಬರಬಹುದು. ಇಡೀ ಹಾದಿ ತರಿಸಿಕೊಂಡು, ಒಂದು ಹಾದಿಯನ್ನು ಇಟ್ಟರೆ ಪೂರ್ತಿ ಇಡುವುದು, ಬಿಟ್ಟರೆ ಪೂರ್ತಿ ಬಿಡುವುದು ಮೇಲು.

ಉಳಿಕೆ ತೆಗೆಯುವುದು

ಅಳೆದ ಪರಿಮಾಣದಿಂದ ಮಾದರಿಯ ಪರಿಮಾಣ ಕಳೆಯಿರಿ. ಮಾದರಿ ಮೂರು ಘಟಕಗಳಾಗಿ ಬರುತ್ತದೆ, ಮೊದಲು ಅದರ ಪರಿಮಾಣ ಲೆಕ್ಕ ಹಾಕಿ ಆಮೇಲೆ ಕಳೆಯಬೇಕು. ಘಟಕಗಳನ್ನು ಮೊದಲು ಕಳೆದು, ಉಳಿದದ್ದರ ಪರಿಮಾಣ ತೆಗೆಯುವ ತಪ್ಪು ಬಹಳ ಸಾಮಾನ್ಯ. ಹಾಗೆ ಬಂದ ಸಂಖ್ಯೆ ಯಾವಾಗಲೂ ಧನವಾಗಿರುತ್ತದೆ, ಅದರಲ್ಲಿ ತಗ್ಗು ಕಾಣುವುದೇ ಇಲ್ಲ. ಉಳಿಕೆಯಲ್ಲಿ ಒಂದೂ ಋಣ ಸಂಖ್ಯೆ ಇಲ್ಲದಿದ್ದರೆ ಈ ಹೆಜ್ಜೆಯನ್ನೇ ಮೊದಲು ಪರೀಕ್ಷಿಸಿ.

ಎಕ್ಸ್ ಅಕ್ಷದಲ್ಲಿ ಕ್ವಾಸಿ-ಡೈಪೋಲ್ ಅಕ್ಷಾಂಶ, ವೈ ಅಕ್ಷದಲ್ಲಿ ಉಳಿಕೆ ಇಟ್ಟು ಚಿತ್ರ ಬರೆಯಿರಿ. ಗೆರೆ ಸೊನ್ನೆಯ ಮೇಲೆ ಕೂರುವುದಿಲ್ಲ. ಇಡೀ ಗೆರೆ ಹತ್ತು-ಇಪ್ಪತ್ತು ನ್ಯಾನೊಟೆಸ್ಲಾ ಮೇಲಕ್ಕೋ ಕೆಳಕ್ಕೋ ಸರಿದು, ವಾರೆಯಾಗಿ ಬಾಗಿರುತ್ತದೆ. ಕಾಂತಗೋಳದ ಮಾದರಿ ಆ ಗಂಟೆಯ ಏರಿಳಿತವನ್ನು ಪೂರ್ತಿ ಹಿಡಿಯಲಾರದು ಎಂಬುದು ಒಂದು ಕಾರಣ. ಮಧ್ಯ ಅಕ್ಷಾಂಶಗಳಲ್ಲಿ ಹಗಲು ಹೊತ್ತು ಸುಳಿಯುವ ಅಗಲವಾದ ಅಯಾನುಗೋಳ ಪ್ರವಾಹ ಇನ್ನೊಂದು. ಈ ಅಗಲವಾದ ಬಾಗನ್ನು ತೆಗೆದರೆ ಕಿರಿದಾದ ತಗ್ಗು ಉಳಿಯುತ್ತದೆ.

ಅದಕ್ಕೆ ಸರಳ ದಾರಿ ಬಹುಪದೋಕ್ತಿ. ಕ್ವಾಸಿ-ಡೈಪೋಲ್ ಅಕ್ಷಾಂಶ ಮೈನಸ್ 35ರಿಂದ ಪ್ಲಸ್ 35ರೊಳಗಿನ ಬಿಂದುಗಳನ್ನು ತೆಗೆದುಕೊಳ್ಳಿ. ಅದರಲ್ಲಿ ಮೈನಸ್ 8ರಿಂದ ಪ್ಲಸ್ 8ರ ನಡುವಿನದನ್ನು ಹೊಂದಾಣಿಕೆಯಿಂದ ಹೊರಗಿಡಿ. ಉಳಿದವಕ್ಕೆ 3ನೇ ಅಥವಾ 4ನೇ ಘಾತದ ಬಹುಪದೋಕ್ತಿ ಹೊಂದಿಸಿ, ಇಡೀ ಹಾದಿಯಿಂದ ಅದನ್ನು ಕಳೆಯಿರಿ. ಘಾತ 8, 10 ಎಂದು ಏರಿಸುವ ಆಸೆ ಬೇಡ. ಗೆರೆ ಅಂದವಾಗಿ ಕೂರುತ್ತದೆ ನಿಜ, ಆದರೆ ಹೊರಗಿಟ್ಟ ನಡುಭಾಗದಲ್ಲಿ ಅದು ಮನಬಂದಂತೆ ಡೊಂಕಾಗಿ ತಗ್ಗಿನ ಆಳವನ್ನೇ ಬದಲಿಸುತ್ತದೆ. 3, 4, 5 ಮೂರರಲ್ಲೂ ಮಾಡಿ ನೋಡಿ. ತಗ್ಗಿನ ಆಳ 2-3 ನ್ಯಾನೊಟೆಸ್ಲಾಕ್ಕಿಂತ ಹೆಚ್ಚು ಬದಲಾದರೆ ಆ ಹಾದಿಯ ಸಂಖ್ಯೆಯನ್ನು ನೆಚ್ಚಬೇಡಿ.

ಎಲ್ಲ ಸರಿಯಾಗಿದ್ದರೆ ಸೊನ್ನೆ ಡಿಗ್ರಿಯ ಬಳಿ ಚೂಪಾದ ತಗ್ಗು ಕಾಣುತ್ತದೆ, ಅದರ ಎರಡೂ ಪಕ್ಕ ಸಣ್ಣ ಹೆಗಲುಗಳಿರುತ್ತವೆ. ಮೊದಲ ಸಲ ಅದು ಪರದೆಯ ಮೇಲೆ ಮೂಡಿದಾಗ ಆಗುವ ಸಂತೋಷವೇ ಬೇರೆ: ಕಣ್ಣಿಗೆ ಕಾಣದ, ತಲೆಯ ಮೇಲೆ ಪ್ರತಿ ಹಗಲೂ ಹರಿಯುವ ಒಂದು ಹೊಳೆ ಅದು.

ನಿಜವೇ ಎಂದು ಹೇಗೆ ನಂಬುವುದು?

ಒಂದು ತಗ್ಗು ಕಂಡಿತೆಂದು ಬರೆದುಬಿಡಬೇಡಿ. ಮೊದಲು ಇದೇ ರೇಖಾಂಶದ ರಾತ್ರಿಯ ಹಾದಿ ತೆಗೆದು ಇದೇ ಹೆಜ್ಜೆಗಳನ್ನು ಮಾಡಿ. ಹಗಲಿನ ಗೊಂಚಲಿನಲ್ಲೇ ಅದರ ಜೋಡಿ ಹಾದಿ 12 ಗಂಟೆ ಆಚೆ ಸಿಗುತ್ತದೆ. ರಾತ್ರಿ ಆ ಎತ್ತರದಲ್ಲಿ ಅಯಾನುಗಳು ಕ್ಷೀಣಿಸಿರುವುದರಿಂದ ಎಲೆಕ್ಟ್ರೋಜೆಟ್ ಇರುವುದಿಲ್ಲ, ಗೆರೆ ಚಪ್ಪಟೆ ಇರಬೇಕು. ರಾತ್ರಿಯೂ ಅದೇ ಜಾಗದಲ್ಲಿ ತಗ್ಗು ಕಂಡರೆ ಅದು ಬಂಡೆಗಳದ್ದೋ ಮಾದರಿಯದ್ದೋ ಆಗಿರುತ್ತದೆ. ಆದರೆ ರಾತ್ರಿ 7ರಿಂದ 12ರ ನಡುವಿನ ಹಾದಿಗಳನ್ನು ಈ ಪರೀಕ್ಷೆಗೆ ಬಳಸಬೇಡಿ. ಆ ಹೊತ್ತಿಗೆ ಏಳುವ ಪ್ಲಾಸ್ಮಾ ಗುಳ್ಳೆಗಳು ಒಂದೆರಡು ನ್ಯಾನೊಟೆಸ್ಲಾದ ಒರಟು ಏರಿಳಿತ ಬಿಟ್ಟುಹೋಗುತ್ತವೆ.

ಮುಂದೆ ಸಿ ಉಪಗ್ರಹ. ಅದು ಸಾಮಾನ್ಯವಾಗಿ ಎ ಪಕ್ಕದಲ್ಲೇ, ಸಮಭಾಜಕದಲ್ಲಿ ಸುಮಾರು 1.4 ಡಿಗ್ರಿ ರೇಖಾಂಶದ ಅಂತರದಲ್ಲಿ ಹಾರುತ್ತದೆ. ಎಲೆಕ್ಟ್ರೋಜೆಟ್ ಆ 150 ಕಿಲೋಮೀಟರಿನಲ್ಲಿ ಬದಲಾಗುವಂಥದ್ದಲ್ಲ. ಎರಡರಲ್ಲೂ ಬಹುತೇಕ ಒಂದೇ ತಗ್ಗು ಕಾಣಬೇಕು. ಒಂದರಲ್ಲಿ ಮಾತ್ರ ಕಂಡರೆ ಅದು ಉಪಕರಣದ ಅಥವಾ ನಿಮ್ಮ ಲೆಕ್ಕದ ತಪ್ಪು.

ನೆಲದ ಸಾಕ್ಷಿಯೂ ಇದೆ. ಭಾರತೀಯ ಭೂಕಾಂತತ್ವ ಸಂಸ್ಥೆಯ ತಿರುನೆಲ್ವೇಲಿ ಕೇಂದ್ರ ಎಲೆಕ್ಟ್ರೋಜೆಟ್ಟಿನ ಅಡಿಯಲ್ಲಿದೆ, ಅದೇ ಸಂಸ್ಥೆಯ ಅಲಿಬಾಗ್ ಅದರಿಂದ ಹೊರಗಿದೆ. ಮುಂಬಯಿಯ ಟ್ರಾಂಗಳಿಗೆ ವಿದ್ಯುತ್ ಬರುವ ಮೊದಲೇ, 1904ರಲ್ಲಿ, ಕೊಲಾಬಾದಿಂದ ಅಲಿಬಾಗಿಗೆ ವೀಕ್ಷಣೆಯನ್ನು ಸ್ಥಳಾಂತರಿಸಿದ್ದರಿಂದ ಅಲ್ಲಿನ ದಾಖಲೆ ಕೆಡದೆ ಉಳಿಯಿತು. ಎರಡೂ ಕಡೆಯ ಸಮತಲ ಘಟಕದಿಂದ ಆಯಾ ಕೇಂದ್ರದ ಹಿಂದಿನ ರಾತ್ರಿಯ ಬೆಲೆ ಕಳೆಯಿರಿ, ಆಮೇಲೆ ತಿರುನೆಲ್ವೇಲಿಯದರಿಂದ ಅಲಿಬಾಗಿನದನ್ನು ಕಳೆಯಿರಿ. ಎರಡಕ್ಕೂ ಸಮಾನವಾದ ಕಾಂತಗೋಳದ ಪಾಲು ಹೋಗಿ ಎಲೆಕ್ಟ್ರೋಜೆಟ್ಟಿನ ಪಾಲು ಉಳಿಯುತ್ತದೆ. ನೆಲದ ಮೇಲೆ ಅದು ಉಪಗ್ರಹದ ತಗ್ಗಿಗಿಂತ ಕೆಲವು ಪಟ್ಟು ದೊಡ್ಡದಾಗಿರುತ್ತದೆ, ಏಕೆಂದರೆ ನೆಲಕ್ಕೆ ಪ್ರವಾಹ 108 ಕಿಲೋಮೀಟರ್ ದೂರ, ಉಪಗ್ರಹಕ್ಕೆ 340. ಹಾದಿ ಹಾದಿಯಾಗಿ ಎರಡನ್ನೂ ಎದುರುಬದುರು ಇಟ್ಟರೆ ಒಂದು ಏರಿದಾಗ ಇನ್ನೊಂದು ಆಳವಾಗುವುದು ಕಾಣಬೇಕು.

ಇದೇ ವಿಧಾನದಲ್ಲಿ ನೆಲದೊಳಗಿನ ಅದಿರು ಹುಡುಕಬಹುದೇ ಎಂದು ಹಲವರು ಕೇಳುತ್ತಾರೆ. ಕುದುರೆಮುಖದ ಮ್ಯಾಗ್ನೆಟೈಟ್ ಬೆಟ್ಟಗಳ ಮೇಲೆ ನಿಂತರೆ ದಿಕ್ಸೂಚಿ ಅಲುಗಾಡಬಹುದು, ಸ್ವಾರ್ಮ್‌ಗೆ ಅವು ಕಾಣುವುದಿಲ್ಲ. 450 ಕಿಲೋಮೀಟರ್ ಮೇಲೆ 1000 ಕಿಲೋಮೀಟರ್ ಅಲೆಯುದ್ದದ ಗುರುತು ನೂರರಲ್ಲಿ 6 ಪಾಲಿಗೆ ಇಳಿದಿರುತ್ತದೆ, 400 ಕಿಲೋಮೀಟರಿನದು ಸಾವಿರದಲ್ಲಿ ಒಂದು ಪಾಲಿಗಿಂತ ಕೆಳಗೆ. ಗಣಿಯ ಗಾತ್ರದ ವಸ್ತುವಿಗೆ ವಿಮಾನದ ಸರ್ವೆಯೇ ಬೇಕು.

ಗೊಂಚಲಿನ ಹಾದಿಗಳನ್ನೆಲ್ಲ ಅರ್ಧ ಡಿಗ್ರಿಯ ಕ್ವಾಸಿ-ಡೈಪೋಲ್ ಡಬ್ಬಿಗಳಲ್ಲಿ ಹಾಕಿ ಮಧ್ಯಾಂಕ ತೆಗೆಯಿರಿ. ಸರಾಸರಿಗಿಂತ ಮಧ್ಯಾಂಕಕ್ಕೆ ಒಂದೆರಡು ಕೆಟ್ಟ ಹಾದಿಗಳ ಕಾಟ ಕಡಿಮೆ. ಆದರೆ ಹಾಗೆ ಒಟ್ಟುಗೂಡಿಸುವ ಮೊದಲು ಒಂದೊಂದು ಹಾದಿಯನ್ನೂ ಕಣ್ಣಾರೆ ನೋಡಿ. ಕೆಲವು ದಿನ, ಹೆಚ್ಚಾಗಿ ಬೆಳಗ್ಗೆ ಅಥವಾ ಮಧ್ಯಾಹ್ನ 2ರ ಮೇಲೆ, ತಗ್ಗಿನ ಜಾಗದಲ್ಲಿ ದಿಬ್ಬ ಇರುತ್ತದೆ. ಅದು ದೋಷವಲ್ಲ. ಪ್ರವಾಹ ತಿರುಗಿ ಪಶ್ಚಿಮಕ್ಕೆ ಹರಿಯುವ ಕೌಂಟರ್ ಎಲೆಕ್ಟ್ರೋಜೆಟ್ ಅದು. ಅದೇ ಹೊತ್ತಿಗೆ ತಿರುನೆಲ್ವೇಲಿ ಗೆರೆ ಅಲಿಬಾಗಿಗಿಂತ ಕೆಳಗಿಳಿದಿದ್ದರೆ ಅನುಮಾನವೇ ಬೇಡ. ಅಂಥ ಹಾದಿಗಳನ್ನು ಉಳಿದವುಗಳೊಡನೆ ಬೆರೆಸದೆ ದಿನಾಂಕ, ಹೊತ್ತು, ರೇಖಾಂಶ ಬರೆದು ಬೇರೆ ಕಡತದಲ್ಲಿ ಇಡಿ.